ಅಡಕೆ ಅಂಗಳದಲ್ಲಿ ನಿಂತು ಭೂಮಿಯ ಒಡಲನ್ನು ಅಭ್ಯಾಸ ಮಾಡುವ ಕ್ರಮ

ಭೂಮಿಯ ಒಳಗೆ ಏನಿದೆ ಎಂದು ಕೇಳಿದರೆ ಹೈಸ್ಕೂಲಿನ ಮಕ್ಕಳು ಒಂದೇ ಉಸಿರಿಗೆ ಹೇಳುತ್ತಾರೆ: ಹೊರಚಿಪ್ಪು, ಮ್ಯಾಂಟಲ್, ಹೊರ ಕೇಂದ್ರಗೋಳ, ಒಳ ಕೇಂದ್ರಗೋಳ. ಎಷ್ಟು ಆಳದಲ್ಲಿ ಎಂಬ ಲೆಕ್ಕವೂ ಬಾಯಿಪಾಠ. ಯಾರು ಇಳಿದು ನೋಡಿ ಬಂದರು ಎಂದು ಮರುಪ್ರಶ್ನೆ ಹಾಕಿದರೆ ಮಾತ್ರ ಉತ್ತರವಿಲ್ಲ. ಯಾರೂ ಇಳಿದಿಲ್ಲ. ಹಾಗಾದರೆ ಆ ಅಂಕಿಗಳು ಎಲ್ಲಿಂದ ಬಂದವು ಎಂಬುದೇ ಈ ವಿಷಯದ ಜೀವ. ಅದನ್ನು ಮನೆಯಲ್ಲೇ ಕೈಯಾರೆ ಮಾಡಿ ಕಲಿಯುವ ಒಂದು ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ.

ಕಾಸರಗೋಡು ಜಿಲ್ಲೆಯ ಪೆರ್ಲದ ಕಡೆ, ಗುಡ್ಡೆಯ ಬುಡದಲ್ಲಿ ನಮ್ಮ ತೋಟ. ಕಾಸರಗೋಡಿನ ಸರಕಾರಿ ಕಾಲೇಜಿನಲ್ಲಿ ಭೂವಿಜ್ಞಾನ ಓದಿ, ಮತ್ತೆ ಅಡಕೆ, ಕಾಳುಮೆಣಸು ಅಂತ ಮನೆಯಲ್ಲೇ ನಿಂತವಳು ನಾನು. ರಜೆ ಬಂದರೆ ನೆಂಟರ ಮಕ್ಕಳು, ನೆರೆಕರೆಯ ಮಕ್ಕಳು ನಮ್ಮ ಸುರಂಗ ನೋಡಲು ಬರುತ್ತಾರೆ. "ಅಕ್ಕಾ, ಇದನ್ನು ತೋಡ್ತಾ ತೋಡ್ತಾ ಹೋದರೆ ಎಲ್ಲಿಗೆ ಮುಟ್ಟುತ್ತದೆ?" ಅಂತ ಕೇಳದ ಮಗುವಿಲ್ಲ. ಅವರಿಗೆ ಮಾಡಿಸಿದ್ದನ್ನೇ ನಿಮಗೂ ಹೇಳುತ್ತೇನೆ.

ಬೇಕಾದದ್ದು: ಏಳು ಮೀಟರ್ ಹಗ್ಗ, ಅಳತೆ ಟೇಪು, ಅಡುಗೆಮನೆಯ ಡಿಜಿಟಲ್ ತಕ್ಕಡಿ, ಬಾಲ್ದಿ, ನೂಲು, ಥರ್ಮಾಮೀಟರ್, ಒಂದು ಪಂಚಾಂಗ, ಇಂಟರ್ನೆಟ್ ಇರುವ ಮೊಬೈಲು. ಇವುಗಳಿಗಿಂತ ಮುಖ್ಯವಾದದ್ದು ಒಂದು ನೋಟ್‌ಬುಕ್. ಪ್ರತಿ ಪುಟದಲ್ಲಿ ಮೂರು ಅಂಕಣ ಎಳೆದು ಮೇಲೆ ಹೀಗೆ ಬರೆಯಿರಿ: ಕಂಡದ್ದು, ಅಳೆದದ್ದು, ತರ್ಕಿಸಿದ್ದು. ಇನ್ನು ಮುಂದೆ ಭೂಮಿಯ ಬಗ್ಗೆ ಏನು ಓದಿದರೂ ಅದು ಯಾವ ಅಂಕಣಕ್ಕೆ ಸೇರುತ್ತದೆ ಎಂದು ನೋಡಿಯೇ ಬರೆಯಬೇಕು. ಮೊದಲ ಅಂಕಣ ಎಷ್ಟು ಖಾಲಿ ಉಳಿಯುತ್ತದೆ ಎಂಬುದು ಬೇಗ ಗೊತ್ತಾಗುತ್ತದೆ.

ಮೊದಲು ಅಂಗಳದಲ್ಲಿ ಗೆರೆ

ಭೂಮಿಯ ತ್ರಿಜ್ಯ 6,371 ಕಿ.ಮೀ. ಸಾವಿರ ಕಿಲೋಮೀಟರಿಗೆ ಒಂದು ಮೀಟರ್ ಎಂದು ಹಿಡಿದರೆ 6 ಮೀಟರ್ 37 ಸೆಂಟಿಮೀಟರ್. ಅಡಕೆ ಒಣಗಿಸುವ ಅಂಗಳದಲ್ಲಿ ಅಷ್ಟುದ್ದ ಹಗ್ಗ ಎಳೆದು ಕಟ್ಟಿ. ಒಂದು ತುದಿ ನೆಲದ ಮೇಲ್ಮೈ, ಇನ್ನೊಂದು ಭೂಮಿಯ ನಡುಮಧ್ಯ. ಮೇಲ್ಮೈಯಿಂದ ಅಳೆಯುತ್ತಾ ಹೋಗಿ. ನಮ್ಮ ಕಾಲಡಿಯ ಹೊರಚಿಪ್ಪು ಮೂರೂವರೆ, ನಾಲ್ಕು ಸೆಂಟಿಮೀಟರಿಗೇ ಮುಗಿಯುತ್ತದೆ. 2 ಮೀಟರ್ 89 ಸೆಂಟಿಮೀಟರಿನವರೆಗೆ ಗಟ್ಟಿ ಕಲ್ಲಿನ ಮ್ಯಾಂಟಲ್. 5 ಮೀಟರ್ 15ರವರೆಗೆ ದ್ರವ ಕಬ್ಬಿಣದ ಹೊರ ಕೇಂದ್ರಗೋಳ. ಉಳಿದ 1 ಮೀಟರ್ 22 ಸೆಂಟಿಮೀಟರ್ ಗಟ್ಟಿ ಒಳಗೋಳ.

ಈಗ ಮನುಷ್ಯ ಮುಟ್ಟಿದ ಆಳವನ್ನು ಗುರುತಿಸಿ. ಕೋಲಾರದ ಚಿನ್ನದ ಗಣಿಯ ಚಾಂಪಿಯನ್ ರೀಫ್ ಸುಮಾರು 3.2 ಕಿ.ಮೀ. ಇಳಿದಿತ್ತು. ಹಗ್ಗದ ಮೇಲೆ ಮೂರು ಮಿಲಿಮೀಟರ್. ರಷ್ಯದ ಕೋಲಾ ದ್ವೀಪಕಲ್ಪದಲ್ಲಿ 1970ರಲ್ಲಿ ಕೊರೆಯಲು ತೊಡಗಿ 1989ರಲ್ಲಿ ಮುಟ್ಟಿದ ಆಳ 12,262 ಮೀಟರ್. ಅದು ಹನ್ನೆರಡು ಮಿಲಿಮೀಟರ್ ಚಿಲ್ಲರೆ. ಅಲ್ಲಿ 100 ಡಿಗ್ರಿ ಇದ್ದೀತು ಎಂದು ಲೆಕ್ಕ ಹಾಕಿದ್ದರು, ಸಿಕ್ಕಿದ್ದು 180 ಡಿಗ್ರಿ. ಕಲ್ಲು ಮೆತ್ತಗಾಗಿ, ಕೊರೆದ ತೂತು ಮತ್ತೆ ಮುಚ್ಚಿಕೊಳ್ಳುತ್ತಿತ್ತು. ಸುರಂಗ ನೋಡಲು ಬಂದ ಮಕ್ಕಳ ಪ್ರಶ್ನೆಗೆ ಉತ್ತರ ಈ ಹನ್ನೆರಡು ಮಿಲಿಮೀಟರಿನಲ್ಲಿದೆ. ಅಡ್ಡಿ ಮಾಡುವುದು ದೂರವಲ್ಲ. ಬಿಸಿ ಮತ್ತು ಒತ್ತಡ. ಬೆಂಗಳೂರಿನಿಂದ ಮೈಸೂರಿಗೆ ಹೋಗುವ ದಾರಿಯ ಹತ್ತನೇ ಒಂದು ಪಾಲನ್ನೂ ನೆಟ್ಟಗೆ ಕೆಳಕ್ಕೆ ಹೋಗಲು ನಮಗೆ ಆಗಿಲ್ಲ.

ಸುರಂಗದಲ್ಲಿ ಥರ್ಮಾಮೀಟರ್

ಹೊರಗಿನವರಿಗಾಗಿ ಹೇಳುತ್ತೇನೆ. ನಮ್ಮ ಕಡೆಯ ಸುರಂಗವೆಂದರೆ ಮುರಕಲ್ಲಿನ (ಲ್ಯಾಟರೈಟ್) ಗುಡ್ಡೆಗೆ ಅಡ್ಡಕ್ಕೆ ಕೊರೆದ, ಒಬ್ಬ ಮನುಷ್ಯ ನಡೆಯುವಷ್ಟು ಅಗಲದ ನೀರಿನ ದಾರಿ. ಒಳಗೆ ಒಸರುವ ನೀರು ತಾನಾಗಿ ಹರಿದು ಹೊರಗಿನ ಮದಕಕ್ಕೆ (ಸಣ್ಣ ಕೆರೆಗೆ) ಬೀಳುತ್ತದೆ. ಪಂಪೂ ಬೇಡ, ಕರೆಂಟೂ ಬೇಡ. ಪಿಕ್ಕಾಸಿನಲ್ಲಿ ಇದನ್ನು ತೋಡಿದವರು ಮೇಲಿನ ಮರ, ಇಳಿಜಾರು, ಮಣ್ಣಿನ ತೇವ ನೋಡಿ ಒಳಗಿನ ನೀರನ್ನು ಲೆಕ್ಕ ಹಾಕುತ್ತಿದ್ದರು. ಹೊರಗಿನ ಗುರುತಿನಿಂದ ಒಳಗನ್ನು ತಿಳಿಯುವ ವಿದ್ಯೆ ಅದು, ನಾನು ಅವರನ್ನು ಭೂವಿಜ್ಞಾನಿಗಳೆಂದೇ ಎಣಿಸುತ್ತೇನೆ.

ದೊಡ್ಡವರೊಬ್ಬರು ಜತೆಗಿಲ್ಲದೆ ಸುರಂಗಕ್ಕೆ ಹೋಗಬೇಡಿ. ಮಳೆಗಾಲದಲ್ಲಿ ಹೋಗಲೇಬೇಡಿ. ಮೊಂಬತ್ತಿ ಮಂಕಾದರೆ ಗಾಳಿ ಸಾಲದು ಎಂದರ್ಥ, ಕೂಡಲೇ ಹಿಂದೆ ಬನ್ನಿ. ಸುರಂಗವಿಲ್ಲದವರು ಬಾವಿಯ ನೀರಿಗೆ ಥರ್ಮಾಮೀಟರ್ ಇಳಿಬಿಟ್ಟರೂ ಸಾಕು.

ಮೇ ತಿಂಗಳಲ್ಲಿ ಒಳಗೆ ಹೋದರೆ ತಂಪು, ಡಿಸೆಂಬರಿನ ಬೆಳಗ್ಗೆ ಹೋದರೆ ಬೆಚ್ಚಗೆ. ಥರ್ಮಾಮೀಟರನ್ನು ಕೇಳಿದರೆ ಎರಡು ಸಲವೂ ಹೆಚ್ಚುಕಡಿಮೆ ಒಂದೇ ಅಂಕಿ. ಹತ್ತಿಪ್ಪತ್ತು ಮೀಟರ್ ಮಣ್ಣು ಕಲ್ಲು ದಾಟಿ ಒಳಕ್ಕೆ ಋತುವಿನ ಬಿಸಿಲು ಹೋಗುವುದಿಲ್ಲ. ಉಳಿಯುವುದು ಇಡೀ ವರ್ಷದ ಸರಾಸರಿ. ಅದಕ್ಕೂ ಕೆಳಕ್ಕೆ ಇಳಿದರೆ ಮಾತ್ರ ಭೂಮಿಯ ಸ್ವಂತ ಬಿಸಿ ಕಾಣತೊಡಗುತ್ತದೆ. ಕೋಲಾರದ ಗಣಿಯ ತಳದಲ್ಲಿ ಬಂಡೆಯ ಬಿಸಿ 60 ಡಿಗ್ರಿ ದಾಟಿತ್ತು. ಬಹಳ ಕಡೆ ಪ್ರತಿ ಕಿಲೋಮೀಟರಿಗೆ 25ರಿಂದ 30 ಡಿಗ್ರಿ ಏರುತ್ತದೆ. ನಮ್ಮ ದಖ್ಖನದ ಹಳೇ ಬಂಡೆಯಲ್ಲಿ ಅದಕ್ಕಿಂತ ಕಡಿಮೆ.

ಈಗ ಮಕ್ಕಳಿಂದ ಒಂದು ಗುಣಾಕಾರ ಮಾಡಿಸಿ. ಕಿಲೋಮೀಟರಿಗೆ 25 ಡಿಗ್ರಿಯಂತೆ 6,371 ಕಿ.ಮೀ.ಗೆ ಎಷ್ಟು? ಒಂದೂವರೆ ಲಕ್ಷ ಡಿಗ್ರಿಗೂ ಮೇಲೆ. ಸೂರ್ಯನ ಮೇಲ್ಮೈಯೇ ಸುಮಾರು 5,500 ಡಿಗ್ರಿ. ಹಾಗಿದ್ದರೆ ಭೂಮಿ ಎಂದೋ ಆವಿಯಾಗಿ ಹೋಗುತ್ತಿತ್ತು. ಅಂದರೆ ಮೇಲಿನ ಮೂರು ಕಿಲೋಮೀಟರಿನ ಅಳತೆಯನ್ನು ಹಾಗೇ ಕೆಳಗಿನವರೆಗೆ ಎಳೆಯಬಾರದು. ಮ್ಯಾಂಟಲಿನ ಕಲ್ಲು ಗಟ್ಟಿಯೇ. ಆದರೂ ವರ್ಷಕ್ಕೆ ಕೆಲವು ಸೆಂಟಿಮೀಟರಿನಂತೆ ಅದು ಹರಿಯುತ್ತದೆ. ಹರಿಯುವಾಗ ಬಿಸಿಯನ್ನು ಹೊತ್ತು ಮೇಲೆ ತರುತ್ತದೆ. ಹಾಗಾಗಿ ಆಳದಲ್ಲಿ ಏರಿಕೆ ಕಿಲೋಮೀಟರಿಗೆ ಒಂದು ಡಿಗ್ರಿಗೂ ಕಡಿಮೆ. ನಡುಮಧ್ಯದ ಬಿಸಿ 5,000ದಿಂದ 6,000 ಡಿಗ್ರಿ ಇರಬೇಕು ಎಂಬುದು ಇಂದಿನ ಅಂದಾಜು.

ಭೌತವಿಜ್ಞಾನಿ ಲಾರ್ಡ್ ಕೆಲ್ವಿನ್ 1862ರಲ್ಲಿ ಭೂಮಿಗೆ ಎರಡು ಕೋಟಿಯಿಂದ ನಲವತ್ತು ಕೋಟಿ ವರ್ಷ ವಯಸ್ಸು ಎಂದದ್ದು ಇದೇ ಜಾಗದಲ್ಲಿ ಜಾರಿ. ಭೂಮಿ ಗಟ್ಟಿ ಉಂಡೆಯಂತೆ ಹೊರಗಿನಿಂದ ತಣಿಯುತ್ತಿದೆ ಎಂದು ಅವರು ಹಿಡಿದರು. ಅವರ ಕೈಕೆಳಗೆ ಕೆಲಸ ಮಾಡಿದ್ದ ಜಾನ್ ಪೆರಿ 1895ರಲ್ಲಿ, ಒಳಗೆ ಹರಿವು ಇದ್ದರೆ ಲೆಕ್ಕವೇ ಬದಲಾಗುತ್ತದೆ, ವಯಸ್ಸು ಎಷ್ಟೋ ಪಟ್ಟು ಹೆಚ್ಚಾಗುತ್ತದೆ ಎಂದು ತೋರಿಸಿದರು. ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂಗಳ ವಿಕಿರಣದಿಂದ ಒಳಗೆ ಬಿಸಿ ಹುಟ್ಟುತ್ತಲೇ ಇದೆ ಎಂಬುದು ಗೊತ್ತಾದದ್ದು ಇನ್ನೂ ಮೇಲೆ.

ತೂಗುವುದು

ಇದು ನನಗೆ ಅತ್ಯಂತ ಪ್ರೀತಿಯ ಪಾಠ. ಭೂಮಿಯನ್ನು ತೂಗಲು ಮೂರು ಅಂಕಿ ಬೇಕು.

ಒಂದನೆಯದು ಗುರುತ್ವ. ನೂಲಿಗೆ ಒಂದು ಸಣ್ಣ ಭಾರದ ಗುಂಡು ಕಟ್ಟಿ, ಮೇಲಿನ ಮೊಳೆಯಿಂದ ಗುಂಡಿನ ನಡುವಿಗೆ ಸರಿಯಾಗಿ ಒಂದು ಮೀಟರ್ ಇರುವಂತೆ ತೂಗಬಿಡಿ. ಸ್ವಲ್ಪವೇ ಎಳೆದು ಬಿಟ್ಟು, ಹೋಗಿ ಬರುವುದನ್ನು ಒಂದೆಂದು ಎಣಿಸಿ. ಐವತ್ತು ಸಲಕ್ಕೆ ಸುಮಾರು 100 ಸೆಕೆಂಡ್ ಹಿಡಿಯುತ್ತದೆ. ಐದೇ ಸಲ ಎಣಿಸಿ ನಿಲ್ಲಿಸಿದರೆ, ಬೆರಳು ಒತ್ತುವಲ್ಲಿ ಆದ ಅರ್ಧ ಸೆಕೆಂಡಿನ ತಪ್ಪೇ ಎಲ್ಲವನ್ನೂ ಕೆಡಿಸುತ್ತದೆ. ನೂಲಿನ ಉದ್ದವನ್ನು 39.48ರಿಂದ ಗುಣಿಸಿ, ಒಂದು ತೂಗಿನ ಸಮಯದ ವರ್ಗದಿಂದ ಭಾಗಿಸಿದರೆ 9.8ರ ಆಸುಪಾಸು ಸಿಗಬೇಕು.

ಎರಡನೆಯದು ತ್ರಿಜ್ಯ. ಕೊಚ್ಚಿಯಲ್ಲಿರುವ ಯಾರಾದರೂ ನೆಂಟರಿಗೆ ಫೋನು ಮಾಡಿ. ಒಂದೇ ದಿನ, ಇಬ್ಬರೂ ಅವರವರ ಊರಲ್ಲಿ ನೆರಳು ಅತ್ಯಂತ ಗಿಡ್ಡವಾಗುವ ಹೊತ್ತಿಗೆ, ನೆಟ್ಟಗೆ ನೆಟ್ಟ ಒಂದು ಮೀಟರಿನ ಕೋಲಿನ ನೆರಳು ಅಳೆದು ಸೂರ್ಯನ ಕೋನ ಲೆಕ್ಕ ಹಾಕಬೇಕು. ಕಾಸರಗೋಡಿಗೂ ಕೊಚ್ಚಿಗೂ ಎರಡೂವರೆ ಡಿಗ್ರಿಯಷ್ಟು ವ್ಯತ್ಯಾಸ ಬರುತ್ತದೆ. ಉತ್ತರ ದಕ್ಷಿಣವಾಗಿ ದೂರ 280 ಕಿ.ಮೀ. ಚಿಲ್ಲರೆ. ರಸ್ತೆಯ ದೂರ ತೆಗೆದುಕೊಳ್ಳಬೇಡಿ, ನಕಾಶೆಯಲ್ಲಿ ಅಳೆಯಿರಿ. 360 ಡಿಗ್ರಿಗೆ ಎಷ್ಟಾಯಿತು ಎಂದು ನೋಡಿದರೆ ಸುತ್ತಳತೆ ಸುಮಾರು 40,000 ಕಿ.ಮೀ. ಅದನ್ನು 6.28ರಿಂದ ಭಾಗಿಸಿದರೆ ತ್ರಿಜ್ಯ. ಡಿಸೆಂಬರಿನಲ್ಲಿ ನೆರಳು ಉದ್ದ, ಆಗ ಅಳತೆ ಸುಲಭ.

ಮೂರನೆಯ ಅಂಕಿ ಮನೆಯಲ್ಲಿ ಆಗುವಂಥದ್ದಲ್ಲ. ಎರಡು ವಸ್ತುಗಳು ಒಂದನ್ನೊಂದು ಎಷ್ಟು ಸೆಳೆಯುತ್ತವೆ ಎಂಬ ನಿಯತಾಂಕ ಅದು. ಹೆನ್ರಿ ಕ್ಯಾವೆಂಡಿಷ್ 1798ರಲ್ಲಿ ಸೀಸದ ಗುಂಡುಗಳನ್ನು ತಂತಿಗೆ ತೂಗಿಬಿಟ್ಟು, ಗಾಳಿಯೂ ತಾಗದಂತೆ ಹೊರಗಿನಿಂದ ದುರ್ಬೀನಿನಲ್ಲಿ ನೋಡುತ್ತಾ, ಭೂಮಿಯ ಸಾಂದ್ರತೆ ನೀರಿನ 5.48 ಪಟ್ಟು ಎಂದು ಕಂಡುಕೊಂಡರು. ಇಂದಿನ ಅಂಕಿ 5.51. ನಿಮ್ಮ 9.8, ನಿಮ್ಮ ತ್ರಿಜ್ಯ, ಪುಸ್ತಕದ ನಿಯತಾಂಕ ಸೇರಿಸಿದರೆ ನಿಮಗೂ ಐದೂವರೆಯ ಹತ್ತಿರವೇ ಬರುತ್ತದೆ.

ಇನ್ನು ಗುಡ್ಡೆಯ ಕಲ್ಲು ತೂಗಿ. ತಕ್ಕಡಿಯ ಮೇಲೆ ಕಲ್ಲನ್ನು ಇಟ್ಟು ಗ್ರಾಮ್ ಬರೆದುಕೊಳ್ಳಿ. ಮತ್ತೆ ಅರ್ಧ ನೀರು ತುಂಬಿದ ಸಣ್ಣ ಪಾತ್ರೆಯನ್ನು ತಕ್ಕಡಿಯ ಮೇಲಿಟ್ಟು, ಅಂಕಿ ನೋಡಿ, ಕಲ್ಲನ್ನು ನೂಲಿನಲ್ಲಿ ಹಿಡಿದು ತಳ ಮುಟ್ಟದಂತೆ ನೀರಲ್ಲಿ ಮುಳುಗಿಸಿ. ಎಷ್ಟು ಗ್ರಾಮ್ ಏರಿತೋ ಅಷ್ಟೇ ಘನ ಸೆಂಟಿಮೀಟರ್ ಕಲ್ಲಿನ ಗಾತ್ರ. ತೂಕವನ್ನು ಅದರಿಂದ ಭಾಗಿಸಿದರೆ ಸಾಂದ್ರತೆ. ಉದಾಹರಣೆಗೆ 540 ಗ್ರಾಮಿನ ಕಲ್ಲು 200 ಗ್ರಾಮ್ ಏರಿಸಿದರೆ 2.7. ಮುರಕಲ್ಲಿನ ತೂತುಗಳಲ್ಲಿ ಗಾಳಿ ತುಂಬಿರುವುದರಿಂದ ಅದರ ಅಂಕಿ ಕಡಿಮೆ ಬರುತ್ತದೆ. ಬಾವಿ ತೋಡುವಾಗ ಮುರಕಲ್ಲು, ಅದರಡಿಯ ಶೇಡಿಮಣ್ಣು ಕಳೆದ ಮೇಲೆ ಸಿಗುವ ಕರ್ಗಲ್ಲಿಗೆ 2.7, 2.8. ಕಪ್ಪು ಬಸಾಲ್ಟಿಗೂ ಮೂರರ ಆಸುಪಾಸು.

ಮೇಲಿನ ಕಲ್ಲೆಲ್ಲ ಮೂರರ ಒಳಗೆ, ಇಡೀ ಭೂಮಿ ಐದೂವರೆ. ಒಳಗೆ ಏನೋ ಬಹಳ ಭಾರದ್ದು ಇದೆ. "ಅಕ್ಕಾ, ಅದು ಕಬ್ಬಿಣ!" ಎಂದು ಮಕ್ಕಳು ಕೂಗುತ್ತಾರೆ. ಇಲ್ಲಿ ತಡೆಯಿರಿ. ಆಳದಲ್ಲಿ ಒತ್ತಡಕ್ಕೆ ಕಲ್ಲೇ ಹಿಂಡಿ ದಟ್ಟವಾಗುತ್ತದೆ. ಭಾರವೆಲ್ಲ ನಡುವಿನಲ್ಲಿ ಒಟ್ಟಾಗಿದೆಯೋ, ನಿಧಾನವಾಗಿ ಏರುತ್ತಾ ಹೋಗಿದೆಯೋ ಎಂಬುದನ್ನು ಬರೀ ತೂಕ ಹೇಳುವುದಿಲ್ಲ. ಈ ಅಧ್ಯಯನದ ದೊಡ್ಡ ಕಷ್ಟ ಮೊದಲ ಸಲ ಕೈಗೆ ಸಿಗುವುದು ಇಲ್ಲೇ: ಹೊರಗಿನ ಒಂದು ಅಳತೆಗೆ ಹೊಂದುವ ಒಳಗುಗಳು ಹಲವು. ಎರಡನೆಯ, ಮೂರನೆಯ ಸಾಕ್ಷಿ ತಂದು ಒಂದೊಂದನ್ನೇ ತಳ್ಳಿಹಾಕುತ್ತಾ ಹೋಗಬೇಕು.

ಬಿಸು ಹಬ್ಬದ ಸಾಕ್ಷಿ

ಎರಡನೆಯ ಸಾಕ್ಷಿ ಪಂಚಾಂಗದಲ್ಲಿದೆ. ಹಗಲು ರಾತ್ರಿ ಸಮ ಇರುವ ದಿನ ಮಾರ್ಚ್ 20 ಅಥವಾ 21. ಆ ಮಧ್ಯಾಹ್ನ ಕಾಸರಗೋಡಿನಲ್ಲಿ ಒಂದು ಮೀಟರ್ ಕೋಲಿನ ನೆರಳು 22 ಸೆಂಟಿಮೀಟರಿನಷ್ಟು. ಬಿಸು ನಮ್ಮ ಸೌರ ಯುಗಾದಿ, ಮೇಷ ಸಂಕ್ರಮಣದ ಹಬ್ಬ; ಬೆಳಗ್ಗೆ ಎದ್ದು ಮೊದಲು ನೋಡಲೆಂದು ನಾವು ಕಣಿ ಇಡುವುದು ಏಪ್ರಿಲ್ 14 ಅಥವಾ 15ಕ್ಕೆ. ಅಂದಿನ ನೆರಳು ಐದು ಸೆಂಟಿಮೀಟರಿನ ಆಸುಪಾಸು. ನಕ್ಷತ್ರಗಳ ಲೆಕ್ಕದ ಮೇಷ ಸಂಕ್ರಮಣಕ್ಕೂ ಸಮರಾತ್ರಿಗೂ ಈಗ ಸುಮಾರು 24 ಡಿಗ್ರಿ ಅಂತರ. ಪಂಚಾಂಗದಲ್ಲಿ ಅಯನಾಂಶ ಎಂದು ಬರೆದಿರುವುದು ಅದನ್ನೇ. ಇದು 72 ವರ್ಷಕ್ಕೆ ಒಂದು ಡಿಗ್ರಿಯಂತೆ ಬೆಳೆಯುತ್ತದೆ. ಹಿಂದಕ್ಕೆ ಎಣಿಸಿದರೆ ಎರಡೂ ಒಂದೇ ದಿನ ಬೀಳುತ್ತಿದ್ದದ್ದು ಸುಮಾರು 1,700 ವರ್ಷಗಳ ಹಿಂದೆ.

ಈ ಜರುಗುವಿಕೆಗೆ ಕಾರಣ ಭೂಮಿಯ ಹೊಟ್ಟೆ. ಸಮಭಾಜಕದಲ್ಲಿ ಭೂಮಿಯ ತ್ರಿಜ್ಯ ಧ್ರುವಕ್ಕಿಂತ 21 ಕಿ.ಮೀ. ಹೆಚ್ಚು. ಆ ಉಬ್ಬನ್ನು ಸೂರ್ಯಚಂದ್ರರು ಓರೆಯಾಗಿ ಜಗ್ಗುವುದರಿಂದ ಭೂಮಿಯ ಅಕ್ಷ ಸುಮಾರು 26,000 ವರ್ಷಕ್ಕೊಮ್ಮೆ ಒಂದು ಸುತ್ತು ಹಾಕುತ್ತದೆ. ಎಷ್ಟು ಬೇಗ ಸುತ್ತುತ್ತದೆ ಎಂಬುದು ಭಾರ ಒಳಗೆ ಹೇಗೆ ಹಂಚಿಹೋಗಿದೆ ಎಂಬುದನ್ನು ಅವಲಂಬಿಸಿದೆ. ಅಯನದ ವೇಗವನ್ನೂ ಕೃತಕ ಉಪಗ್ರಹಗಳ ಹಾದಿ ತೋರಿಸುವ ಉಬ್ಬಿನ ಅಳತೆಯನ್ನೂ ಸೇರಿಸಿದರೆ ಒಂದು ಅಂಕಿ ಹೊರಡುತ್ತದೆ: 0.33. ಒಳಗೆಲ್ಲ ಒಂದೇ ದಟ್ಟಣೆಯ ಗುಂಡಾಗಿದ್ದರೆ ಅದು 0.4 ಇರಬೇಕಿತ್ತು. ಅಂದರೆ ಭಾರ ನಡುವಿಗೆ ಸೇರಿಕೊಂಡಿದೆ. ಕಣಿ ಕಾಣಲು ಕಣ್ಣು ಮುಚ್ಚಿ ಬರುವ ಮಗುವಿಗೆ ಇದನ್ನು ಹೇಳಿ. ನಮ್ಮ ಹಬ್ಬದ ತಾರೀಕು ಜರುಗಿದ್ದರಲ್ಲಿ ಭೂಮಿಯ ನಡುಗೋಳದ ಸುದ್ದಿ ಇದೆ ಎಂಬುದು ನನಗಂತೂ ಇವತ್ತಿಗೂ ರೋಮಾಂಚನ.

ಬಡಿದು ಕೇಳುವುದು

ಹಲಸಿನಕಾಯಿ ಬೆಳೆದಿದೆಯೋ ಎಂದು ತಿಳಿಯಲು ಕೊಯ್ಯಬೇಕಾಗಿಲ್ಲ, ಬೆರಳಲ್ಲಿ ಬಡಿದರೆ ಸಾಕು. ಭೂಮಿಯನ್ನು ಬಡಿಯುವ ಬೆರಳು ಭೂಕಂಪ. ಆ ಬೆರಳು ನಮ್ಮ ಮಾತು ಕೇಳುವುದಿಲ್ಲ, ತನಗೆ ಬೇಕಾದಲ್ಲಿ, ಬೇಕಾದಾಗ ಬಡಿಯುತ್ತದೆ. ಕೇಳುವ ಕಿವಿಗಳನ್ನೂ ನಾವು ಹೆಚ್ಚಾಗಿ ನೆಲದ ಮೇಲೇ ಇಟ್ಟಿದ್ದೇವೆ, ಭೂಮಿಯ ಮುಕ್ಕಾಲು ಪಾಲು ಕಡಲು.

ಕಂಪನದ ಒಳ ಅಲೆ ಎರಡು ಬಗೆ. ಪಿ ಅಲೆ ಮುಂದಕ್ಕೆ ಹಿಂದಕ್ಕೆ ತಳ್ಳುತ್ತಾ ವೇಗವಾಗಿ ಬರುತ್ತದೆ. ಎಸ್ ಅಲೆ ಅಡ್ಡಕ್ಕೆ ಅಲುಗಿಸುತ್ತಾ ತಡವಾಗಿ ಬರುತ್ತದೆ. ಅಂಗಳದ ಹಗ್ಗದ ಒಂದು ತುದಿ ಹಿಡಿದು ಪಕ್ಕಕ್ಕೆ ಜಾಡಿಸಿದರೆ ಕಾಣುವುದು ಎಸ್ ಬಗೆ. ದ್ರವದಲ್ಲಿ ಅದು ಸಾಗುವುದಿಲ್ಲ, ಅಡ್ಡಕ್ಕೆ ಜರುಗಿದ ದ್ರವಕ್ಕೆ ಹಿಂದೆ ಬರುವ ಬಲವಿಲ್ಲ. ಹತ್ತಿರದ ಭೂಕಂಪವಾದರೆ ಎರಡು ಅಲೆಗಳ ನಡುವಿನ ಸೆಕೆಂಡುಗಳನ್ನು ಎಂಟರಿಂದ ಗುಣಿಸಿ, ಸುಮಾರು ಅಷ್ಟು ಕಿಲೋಮೀಟರ್ ದೂರ. ಬಹಳ ದೂರದ್ದಕ್ಕೆ ಈ ಸೂತ್ರ ನಡೆಯುವುದಿಲ್ಲ.

ಈಗ ಮೊಬೈಲು ತೆಗೆಯಿರಿ. ಮೊಬೈಲಿನೊಳಗಿನ ಸೆನ್ಸರು ದೂರದ ಭೂಕಂಪವನ್ನು ಹಿಡಿಯುವಷ್ಟು ಸೂಕ್ಷ್ಮವಲ್ಲ, ಅದಕ್ಕಾಗಿ ಹೊತ್ತು ಕಳೆಯಬೇಡಿ. ಜಗತ್ತಿನ ಭೂಕಂಪ ಕೇಂದ್ರಗಳ ದಾಖಲೆಗಳು ಇಂಟರ್ನೆಟ್ಟಿನಲ್ಲಿ ಬಿಟ್ಟಿ ಸಿಗುತ್ತವೆ, ಹೈದರಾಬಾದಿನ ಕೇಂದ್ರದ್ದೂ ಸಹ. ಜಪಾನಿನ ಒಂದು ದೊಡ್ಡ ಭೂಕಂಪ, ಚಿಲಿಯ ಒಂದು ದೊಡ್ಡ ಭೂಕಂಪ ಆರಿಸಿ. ಪ್ರಮಾಣ (ಮ್ಯಾಗ್ನಿಟ್ಯೂಡ್) 6.5ಕ್ಕಿಂತ ದೊಡ್ಡದಿರಲಿ. ಎರಡೂ ಹೈದರಾಬಾದಿನಲ್ಲಿ ಹೇಗೆ ದಾಖಲಾದವು ಎಂದು ಪಕ್ಕಪಕ್ಕ ಇಟ್ಟು ನೋಡಿ. ಜಪಾನಿನದ್ದರಲ್ಲಿ ಪಿ ಬಂದು ಸುಮಾರು ಎಂಟು ನಿಮಿಷಕ್ಕೆ ಎಸ್ ಸ್ಪಷ್ಟವಾಗಿ ಬರುತ್ತದೆ. ಚಿಲಿ ಹೈದರಾಬಾದಿನ ಹೆಚ್ಚುಕಡಿಮೆ ಎದುರು ಬದಿಯಲ್ಲಿದೆ. ಅಲ್ಲಿಂದ ಪಿ ಅಲೆ ಭೂಮಿಯ ನಡುವೆಯೇ ಹಾದು ಸುಮಾರು 20 ನಿಮಿಷಕ್ಕೆ ಮುಟ್ಟುತ್ತದೆ. ನೇರ ಎಸ್ ಅಲೆ ಬರುವುದೇ ಇಲ್ಲ. ಗೆರೆಯಲ್ಲಿ ನಡುವೆ ಇನ್ನೂ ಏರಿಳಿತ ಕಂಡರೆ ಗಾಬರಿ ಬೇಡ. ಮ್ಯಾಂಟಲಿನಲ್ಲಿ ಎಸ್ ಆಗಿ ಹೊರಟು, ನಡುಗೋಳವನ್ನು ಪಿ ಆಗಿ ದಾಟಿ, ಮತ್ತೆ ಎಸ್ ಆಗುವ ಅಲೆಗಳೂ ಇವೆ; ಮೇಲ್ಮೈಯಲ್ಲೇ ತಟ್ಟಿ ತಟ್ಟಿ ಬರುವಂಥವೂ ಇವೆ. ಇವನ್ನೆಲ್ಲ ಬಿಡಿಸಿ ಗುರುತಿಸುವುದೇ ಈ ವಿದ್ಯೆಯ ದುಡಿಮೆ.

ಪಿ, ಎಸ್ ಅಲೆಗಳನ್ನು ದಾಖಲೆಯಲ್ಲಿ ಮೊದಲು ಬೇರೆ ಬೇರೆಯಾಗಿ ಗುರುತಿಸಿದ ರಿಚರ್ಡ್ ಓಲ್ಡ್‌ಹ್ಯಾಮ್ ನಮ್ಮ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯಲ್ಲಿದ್ದವರು. 1897ರ ಜೂನ್ 12ರ ಅಸ್ಸಾಂ ಭೂಕಂಪ ದೂರ ದೂರದ ಯಂತ್ರಗಳಲ್ಲಿ ಮೂಡಿಸಿದ್ದನ್ನು ಹಿಡಿದು ಅವರು ಕೆಲಸ ಮಾಡಿದರು. ಭೂಮಿಗೆ ಬೇರೆಯೇ ಒಂದು ನಡುಗೋಳ ಇದೆ ಎಂದು 1906ರಲ್ಲಿ ತೋರಿಸಿದರು. ಹೊರಚಿಪ್ಪಿನ ತಳವನ್ನು 1909ರ ಭೂಕಂಪವೊಂದರಿಂದ ಮೊಹೊರೊವಿಚಿಚ್ ಗುರುತಿಸಿದರು. ನಡುಗೋಳ 2,900 ಕಿ.ಮೀ. ಆಳದಲ್ಲಿ ತೊಡಗುತ್ತದೆಂದು ಗುಟೆನ್‌ಬರ್ಗ್ ಲೆಕ್ಕ ಹಾಕಿದರು. ಅದು ದ್ರವವೆಂದು 1926ರಲ್ಲಿ ಜೆಫ್ರೀಸ್ ವಾದಿಸಿದರು. ಡೆನ್ಮಾರ್ಕಿನ ಇಂಗೆ ಲೇಮನ್ ಎಂಬ ಮಹಿಳೆಯ ಕೆಲಸವನ್ನು ಮಾತ್ರ ಹೆಣ್ಣುಮಕ್ಕಳಿಗೆ ನಾನು ನಿಧಾನವಾಗಿ ಹೇಳುತ್ತೇನೆ. 1929ರ ನ್ಯೂಜಿಲೆಂಡ್ ಭೂಕಂಪದ ದಾಖಲೆಗಳಲ್ಲಿ, ಪಿ ಅಲೆ ಬರಬಾರದ ನೆರಳಿನ ಪಟ್ಟಿಯಲ್ಲಿ, ಸಣ್ಣ ಸಣ್ಣ ಕಂಪನ ಬಂದದ್ದನ್ನು ಅವರು ಕಡೆಗಣಿಸಲಿಲ್ಲ. ದ್ರವಗೋಳದ ಒಳಗೆ ಇನ್ನೊಂದು ಗೋಳ ಇದ್ದರೆ ಮಾತ್ರ ಅವು ಹಾಗೆ ತಿರುಗಿ ಬರಲು ಸಾಧ್ಯ ಎಂದು 1936ರಲ್ಲಿ ಬರೆದರು. ಕಂಪ್ಯೂಟರ್ ಇಲ್ಲದ ಕಾಲ, ಕಾಗದ ಪೆನ್ಸಿಲಿನ ಕೆಲಸ.

ಬೇಕಲದ ಕಡಲ ತಡಿಯಲ್ಲಿ

ಜಿಪಿಎಸ್ ಎತ್ತರವನ್ನು ತಿದ್ದದೆ ಹಾಗೇ ತೋರಿಸುವ ಆ್ಯಪ್ ಹಾಕಿಕೊಂಡು ಬೇಕಲದ ಕಡಲಿಗೆ ಹೋಗಿ. ನೀರಿನಂಚಿಗೆ ನಿಂತರೆ ಅದು ಸೊನ್ನೆ ತೋರಿಸುವುದಿಲ್ಲ, ಸೊನ್ನೆಗಿಂತ 90 ಮೀಟರಿನ ಆಸುಪಾಸು ಕೆಳಗೆ ಎನ್ನುತ್ತದೆ. ಮೊಬೈಲು ಕೆಟ್ಟದ್ದಲ್ಲ. ಉಪಗ್ರಹಗಳು ಎತ್ತರವನ್ನು ಅಳೆಯುವುದು ನುಣುಪಾದ, ಲೆಕ್ಕದ ಭೂಮಿಯಿಂದ. ನಿಜವಾದ ಕಡಲು ಗುರುತ್ವ ಹೇಳಿದಂತೆ ನಿಲ್ಲುತ್ತದೆ, ನಮ್ಮ ಕಡೆ ಅದು ಅಷ್ಟು ತಗ್ಗು. ಶ್ರೀಲಂಕಾದ ದಕ್ಷಿಣಕ್ಕೆ ಈ ತಗ್ಗು 106 ಮೀಟರ್, ಇಡೀ ಜಗತ್ತಿನಲ್ಲೇ ಅತಿ ಆಳದ್ದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2023ರಲ್ಲಿ ಇದಕ್ಕೊಂದು ವಿವರಣೆ ಕೊಟ್ಟರು: ಆಫ್ರಿಕದ ಅಡಿಯ ಆಳದಿಂದ ಎದ್ದ ಬಿಸಿಯಾದ, ಹಗುರ ಮ್ಯಾಂಟಲ್ ಕಲ್ಲು ಈ ಕಡಲಿನ ಅಡಿಗೆ ಹರಡಿಕೊಂಡಿದೆ. ಇದನ್ನು ಮೂರನೆಯ ಅಂಕಣದಲ್ಲಿ ಬರೆಯಿರಿ. ತಗ್ಗು ಅಳೆದದ್ದು, ಕಾರಣ ತರ್ಕಿಸಿದ್ದು.

ಈ ದಾರಿಗೂ ಮೊದಲ ಹೆಜ್ಜೆ ಭಾರತದಲ್ಲೇ ಬಿದ್ದದ್ದು. ದೇಶದ ಮಹಾ ತ್ರಿಕೋನ ಸರ್ವೇಯಲ್ಲಿ ಹಿಮಾಲಯದ ಹತ್ತಿರದ ಅಳತೆ ಐದು ವಿಕಲೆಯಷ್ಟು (ಒಂದು ವಿಕಲೆ ಎಂದರೆ ಡಿಗ್ರಿಯ 3,600ನೇ ಒಂದು ಪಾಲು) ತಪ್ಪಿತ್ತು. ಪರ್ವತ ತೂಗುಗುಂಡನ್ನು ತನ್ನ ಕಡೆ ಎಳೆದಿದೆ ಎಂದು ಹಿಡಿದು ಕಲ್ಕತ್ತೆಯ ಪಾದ್ರಿ ಜಾನ್ ಪ್ರ್ಯಾಟ್ 1855ರಲ್ಲಿ ಲೆಕ್ಕ ಹಾಕಿದರೆ 15 ವಿಕಲೆ ದಾಟಿತು. ಅಷ್ಟು ದೊಡ್ಡ ಪರ್ವತ ಎಳೆಯಬೇಕಾದ್ದರಲ್ಲಿ ಮೂರನೇ ಒಂದು ಪಾಲು ಮಾತ್ರ ಎಳೆದಿತ್ತು. ಹಿಮಾಲಯದ ಅಡಿಯಲ್ಲಿ ಹಗುರವಾದ ಬೇರು ಇದೆ ಎಂಬ ತಿಳಿವಳಿಕೆ ಅಲ್ಲಿಂದ ಬೆಳೆಯಿತು.

ಆಳದಿಂದ ತಾವಾಗಿ ಬಂದ ಕಲ್ಲು

ನಾವು ಇಳಿಯಲಾರೆವು, ಕೆಲವು ಕಲ್ಲುಗಳು ಮೇಲೆ ಬಂದಿವೆ. ನಮ್ಮ ಜಿಲ್ಲೆಯ ಮುರಕಲ್ಲಿನ ಅಡಿಯಲ್ಲಿ, ರಾಣಿಪುರದ ಕಡೆಯ ಮಲೆಗಳಲ್ಲಿ, ಚಾರ್ನಕೈಟ್ ಎಂಬ ಕರ್ಗಲ್ಲು ಸಿಗುತ್ತದೆ. ಹೊಸದಾಗಿ ಒಡೆದ ಮೈ ಎಣ್ಣೆ ಸವರಿದಂತೆ, ಹಸಿರು ಬೆರೆತ ಬೂದು ಬಣ್ಣ. 700 ಡಿಗ್ರಿಗೂ ಮೀರಿದ ಬಿಸಿಯಲ್ಲಿ, ಹೊರಚಿಪ್ಪಿನ ಕೆಳಪಾಲಿನಲ್ಲಿ ಹುಟ್ಟಿದ ಕಲ್ಲದು. ಮೇಲಿದ್ದ ಹತ್ತಾರು ಕಿಲೋಮೀಟರ್ ಸವೆದು ಹೋದದ್ದರಿಂದ ಇವತ್ತು ನಮ್ಮ ಕೈಗೆ ಎಟುಕಿದೆ. ಕೋರೆಗೆ ಹೋಗುವುದಾದರೆ ಒಡೆಯರ ಒಪ್ಪಿಗೆ ಕೇಳಿ, ಬಿದ್ದ ಚೂರನ್ನಷ್ಟೇ ಹೆಕ್ಕಿ. ಮುರಕಲ್ಲಿನಿಂದ ಮಾತ್ರ ಆಳದ ಕತೆ ಕೇಳಬೇಡಿ. ಅದು ಮಳೆ ಸಿಲಿಕಾವನ್ನು ತೊಳೆದುಹಾಕಿ ಕಬ್ಬಿಣ, ಅಲ್ಯುಮಿನಿಯಂ ಉಳಿಸಿದ ಕಲ್ಲು. ಹವಾಮಾನದ ಕತೆ ಹೇಳುತ್ತದೆ.

ಚಾರ್ನಕೈಟಿಗಿಂತ ಆಳದ ಸಾಕ್ಷಿ ಬೇಕಾದರೆ ಆಂಧ್ರದ ಗಡಿಯ ಅನಂತಪುರ ಜಿಲ್ಲೆಯ ವಜ್ರಕರೂರಿಗೆ ಹೋಗಬೇಕು. ಅಲ್ಲಿನ ಕಿಂಬರ್ಲೈಟ್ ಎಂಬ ಕಲ್ಲು ಸುಮಾರು 110 ಕೋಟಿ ವರ್ಷಗಳ ಹಿಂದೆ 150 ಕಿ.ಮೀ.ಗೂ ಆಳದ ವಜ್ರವನ್ನು ಹೊತ್ತು ಮೇಲೆ ಚಿಮ್ಮಿತು. ಬ್ರೆಜಿಲಿನ ಒಂದು ವಜ್ರದೊಳಗೆ ರಿಂಗ್‌ವುಡೈಟ್ ಎಂಬ ಖನಿಜದ ಕಣ ಸಿಕ್ಕಿದ್ದನ್ನು 2014ರಲ್ಲಿ ಪ್ರಕಟಿಸಿದರು. 500 ಕಿ.ಮೀ.ಗೂ ಆಳದ ಆ ಕಣದಲ್ಲಿ ನೀರಿನ ಅಂಶ ಇತ್ತು. ಅದಕ್ಕೂ ಕೆಳಗಿನದ್ದನ್ನು ಪ್ರಯೋಗಾಲಯದಲ್ಲೇ ಮಾಡಬೇಕು: ಎರಡು ವಜ್ರದ ತುದಿಗಳ ನಡುವೆ ಕೂದಲಿಗಿಂತ ಸಣ್ಣ ಚೂರನ್ನು ಒತ್ತಿ ಲೇಸರಿನಿಂದ ಕಾಯಿಸುತ್ತಾರೆ. ಭೂಮಿಯ ನಡುಮಧ್ಯದ ಒತ್ತಡ ವಾಯುಮಂಡಲದ ಸುಮಾರು 36 ಲಕ್ಷ ಪಟ್ಟು. ಅಷ್ಟು ಒತ್ತಡ ಒದಗಿಸಿದರೂ ಕೋಟಿ ವರ್ಷದ ಕಾಲವನ್ನು ಯಾವ ಪ್ರಯೋಗಾಲಯವೂ ಒದಗಿಸಲಾರದು.

ಹುಟ್ಟಿನ ಲೆಕ್ಕ

ಭೂಮಿಯ ಹುಟ್ಟನ್ನು ಭೂಮಿಯ ಕಲ್ಲಿನಲ್ಲಿ ಹುಡುಕಿದರೆ ಸಿಗುವುದಿಲ್ಲ. ಮೊದಲ ಕಲ್ಲುಗಳೆಲ್ಲ ಕರಗಿ, ಸವೆದು, ಮತ್ತೆ ಕಲ್ಲಾಗಿವೆ. ಆಸ್ಟ್ರೇಲಿಯದ ಜ್ಯಾಕ್ ಹಿಲ್ಸ್‌ನಲ್ಲಿ 440 ಕೋಟಿ ವರ್ಷದ ಜಿರ್ಕಾನ್ ಹರಳು ಉಳಿದಿದೆ, ಅದನ್ನು ಹಡೆದ ಬಂಡೆ ಉಳಿದಿಲ್ಲ. ಹಾಗಾಗಿ ಕ್ಲೇರ್ ಪ್ಯಾಟರ್ಸನ್ ಉಲ್ಕಾಶಿಲೆಗಳ ಕಡೆ ತಿರುಗಿದರು. ಗ್ರಹಗಳು ಆಗುವಾಗ ಉಳಿದುಹೋದ ಚೂರುಗಳವು. ಅವುಗಳಲ್ಲಿನ ಸೀಸದ ಬಗೆಗಳನ್ನು ಅಳೆದು 1956ರಲ್ಲಿ ಅವರು ಕೊಟ್ಟ ವಯಸ್ಸು 455 ಕೋಟಿ ವರ್ಷ. ಇಂದಿಗೂ ಅದು ಹೆಚ್ಚು ಬದಲಾಗಿಲ್ಲ. ಕಬ್ಬಿಣ ಕರಗಿ ನಡುವಿಗೆ ಇಳಿದದ್ದು ಯಾವಾಗ ಎಂಬುದಕ್ಕೆ ಬೇರೆ ಗಡಿಯಾರ ಇದೆ. ಹ್ಯಾಫ್ನಿಯಂ ಕಲ್ಲಿನಲ್ಲಿ ಉಳಿಯಲು ಬಯಸುತ್ತದೆ, ಅದು ಕ್ಷಯಿಸಿ ಆಗುವ ಟಂಗ್‌ಸ್ಟನ್ ಕಬ್ಬಿಣದ ಜತೆ ಹೋಗಲು ಬಯಸುತ್ತದೆ. ಮ್ಯಾಂಟಲಿನಲ್ಲಿ ಎಷ್ಟು ಟಂಗ್‌ಸ್ಟನ್ ಹಿಂದೆ ಉಳಿದಿದೆ ಎಂದು ನೋಡಿ, ನಡುಗೋಳ ಮೊದಲ ಕೆಲವೇ ಕೋಟಿ ವರ್ಷಗಳಲ್ಲಿ ಆಗಿಹೋಯಿತು ಎನ್ನುತ್ತಾರೆ.

ಇಷ್ಟು ಓದಿದ ಮಕ್ಕಳು ಗುಡ್ಡೆಯಲ್ಲಿ ಸಿಕ್ಕ ಪ್ರತಿ ಕಪ್ಪು, ಭಾರದ ಕಲ್ಲನ್ನೂ ಉಲ್ಕೆಯೆಂದು ತರುತ್ತಾರೆ. ತರಲಿ. ಮೊದಲು ಮೇಲೆ ಹೇಳಿದಂತೆ ನೀರಲ್ಲಿ ತೂಗಿ, ಅಯಸ್ಕಾಂತ ಹಿಡಿದು ನೋಡಿ. ಇವೆರಡೇ ಸಾಲದು, ಮುರಕಲ್ಲಿನ ಗಂಟುಗಳಲ್ಲೂ ಕಬ್ಬಿಣ ಬೇಕಾದಷ್ಟಿದೆ. ಟೈಲ್ಸಿನ ಹಿಂಬದಿಯ ಒರಟು ಮೈಗೆ ಕಲ್ಲನ್ನು ಗಟ್ಟಿಯಾಗಿ ಎಳೆಯಿರಿ. ಉಲ್ಕಾಶಿಲೆ ಸಾಮಾನ್ಯವಾಗಿ ಬಣ್ಣದ ಗೆರೆ ಬಿಡುವುದಿಲ್ಲ. ಗೆರೆ ಮೂಡದೆ, ಕಲ್ಲು ಅಯಸ್ಕಾಂತಕ್ಕೂ ಹಿಡಿದು, ಮೂರಕ್ಕಿಂತ ಹೆಚ್ಚು ಸಾಂದ್ರತೆ ಬಂದು, ಹೊರಗೆ ಸುಟ್ಟ ಕಪ್ಪು ತೊಗಟೆ ಇದ್ದರೆ ಒಡೆಯಬೇಡಿ, ತೊಳೆಯಬೇಡಿ. ಸಿಕ್ಕಿದ ಜಾಗ, ದಿನ ಬರೆದಿಟ್ಟು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಗೆ ತಿಳಿಸಿ. ಗೆರೆ ಕೆಂಪಗೋ ಕಂದಾಗಿಯೋ ಬಂದರೆ ಅದು ನಮ್ಮ ಗುಡ್ಡೆಯದೇ ಕಲ್ಲು. ಅದರ ಸಾಂದ್ರತೆಯನ್ನೂ ಎರಡನೆಯ ಅಂಕಣದಲ್ಲಿ ಬರೆದುಕೊಳ್ಳಿ.